ಉಂಬಳಕ್ಕೂ ಎರೆಹುಳುವಿಗೂ ಎಂಥಾ ನೆಂಟಸ್ತಿಕೆ?

ಮಲೆನಾಡಿನಲ್ಲಿ ಬೇಲಿಯ ಆಚೆ ಈಚೆ ನಿಂತು ಆಡುವ ಮಾತಿಗೂ ಋತುಮಾನವಿದೆ. ಬೇಸಿಗೆಯಲ್ಲಿ ತೋಟದ ನೀರು, ಹಲಸಿನ ಹಪ್ಪಳ, ಹೋಗಿ ಬಂದ ಮದುವೆಮನೆ ಊಟದ ಗುಣದೋಷ. ಚಳಿಗಾಲದಲ್ಲಿ ಕೊನೆಕೊಯ್ಲು, ಅಡಿಕೆ ಸುಲಿಯುವವರ ಕೂಲಿ, ಮಂಡಿಯ ರೇಟು. ಮಳೆಗಾಲ ಹಿಡಿಯಿತೆಂದರೆ ವಿಷಯಗಳು ಮೂರಕ್ಕಿಳಿಯುತ್ತವೆ: ಮಳೆ, ಕೊಳೆರೋಗ, ಉಂಬಳ. ಮಳೆಗೆ ಯಾರೂ ಏನೂ ಮಾಡುವಂತಿಲ್ಲ. ಕೊಳೆರೋಗಕ್ಕೆ ಏನು ಮಾಡಬೇಕೆಂದು ಎಲ್ಲರಿಗೂ ಗೊತ್ತು, ಮರ ಹತ್ತುವವರು ಸಿಗುವುದಿಲ್ಲ. ಉಂಬಳದ ವಿಷಯದಲ್ಲಿ ಮಾತ್ರ ಪ್ರತಿಯೊಬ್ಬರಿಗೂ ಸ್ವಂತ ಅಭಿಪ್ರಾಯ, ಸ್ವಂತ ಔಷಧ, ಕಾಲಿನ ಮೇಲೆ ಸ್ವಂತ ಗುರುತು ಇರುತ್ತದೆ.

ಪಕ್ಕದ ತೋಟದ ಗೌಡರದು ಹೊಗೆಸೊಪ್ಪು–ಸುಣ್ಣದ ಪಕ್ಷ. ಬಟ್ಟೆಯಲ್ಲಿ ಗಂಟು ಕಟ್ಟಿ ಕೋಲಿನ ತುದಿಗೆ ಸಿಕ್ಕಿಸಿಕೊಂಡೇ ತೋಟಕ್ಕಿಳಿಯುತ್ತಾರೆ. ಅವರ ಮನೆಯ ಸೀತಕ್ಕನದು ಉಪ್ಪಿನ ಪಕ್ಷ. ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಟ್ಟು ನಿವೃತ್ತನಾದವನು. ಅಂಥವನಿಗೆ ಉಂಬಳ ಕಚ್ಚುವುದಿಲ್ಲವೆಂದು ಇಬ್ಬರೂ ನಂಬಿದ್ದಾರೆ. ಕಚ್ಚುತ್ತದೆ, ವಿದ್ಯೆಗೆ ಅದು ರಿಯಾಯಿತಿ ಕೊಡುವುದಿಲ್ಲ.

"ಅಲ್ಲ ಮೇಷ್ಟ್ರೇ," ಅಂದರು ಗೌಡರು, ಕಾಲ್ಬೆರಳ ಸಂದಿಯಿಂದ ಒಂದನ್ನು ಕಿತ್ತು ಬೇಲಿಗೂಟಕ್ಕೆ ಉಜ್ಜುತ್ತಾ, "ಈ ದರಿದ್ರದ್ದು ಎರೆಹುಳದ ಪೈಕಿಯಾ? ಗೊಬ್ಬರಗುಂಡಿ ಕೆದಕ್ತಾ ನೋಡ್ದೆ, ಅದರ ಮೈಮೇಲೂ ಇದೇ ಥರ ಗೆರೆ ಗೆರೆ."

"ಪೈಕಿ ಏನು ಬಂತು ಗೌಡ್ರೇ, ಅದೇ ಮನೆಯದು."

"ಬಿಡ್ತು ಅನ್ನಿ! ಅದು ಮಣ್ಣು ತಿಂದು ಗೊಬ್ಬರ ಕೊಡೋದು. ಇದು ರಕ್ತ ಕುಡಿದು ತುರಿಕೆ ಕೊಡೋದು. ಒಂದೇ ಮನೆ ಹೆಂಗಾಗ್ತದೆ?"

ಗೌಡರ ತಕರಾರು ಸಣ್ಣದಲ್ಲ. ಪ್ರಾಣಿಗಳನ್ನು ವಿಂಗಡಿಸಲು ಕೂತ ದೊಡ್ಡವರಲ್ಲೂ ಹೀಗೇ ವಿಂಗಡಿಸಿದವರಿದ್ದಾರೆ: ನಮಗೆ ಏನು ಮಾಡುತ್ತದೆ ಎಂದು ನೋಡಿ. ಸುಶ್ರುತಸಂಹಿತೆಯಲ್ಲಿ ಉಂಬಳದ ಬಳಗದ ಜಿಗಣೆಗೆಂದೇ ಒಂದು ಅಧ್ಯಾಯವಿದೆ. ಅಲ್ಲಿ ಜಿಗಣೆಗಳು 12 ಬಗೆ. ಆರು ವಿಷದವು, ಆರು ವಿಷವಿಲ್ಲದವು. ಕೃಷ್ಣಾ, ಕರ್ಬುರಾ, ಅಲಗರ್ದಾ, ಇಂದ್ರಾಯುಧಾ ಮೊದಲಾದವು ಮುಟ್ಟಬಾರದವು. ಕಪಿಲಾ, ಪಿಂಗಲಾ, ಶಂಕುಮುಖೀ ಮೊದಲಾದವು ಚಿಕಿತ್ಸೆಗೆ ಆಗುವಂಥವು. ಇಂದ್ರಾಯುಧಾ ಎಂದರೆ ಬೆನ್ನ ಮೇಲೆ ಕಾಮನಬಿಲ್ಲಿನ ಗೆರೆಗಳಿರುವುದು. ಕೊಳೆತ ನೀರಿನಲ್ಲಿ ಹುಟ್ಟಿದ್ದು ಕೆಟ್ಟದ್ದು, ತಾವರೆ ನೈದಿಲೆಗಳಿರುವ ತಿಳಿನೀರಿನಲ್ಲಿ ಹುಟ್ಟಿದ್ದು ಒಳ್ಳೆಯದು. ಒದ್ದೆ ಚರ್ಮ ಬೀಸಿ ಹಿಡಿಯಬೇಕು, ಹೊಸ ಮಡಕೆಯಲ್ಲಿ ಕೆರೆಯ ನೀರು, ಕೆಸರು ಹಾಕಿ ಸಾಕಬೇಕು ಎಂಬ ವಿವರವೂ ಇದೆ. ಧನ್ವಂತರಿಯ ಎಷ್ಟೋ ವಿಗ್ರಹಗಳ ಒಂದು ಕೈಯಲ್ಲಿ ಅಮೃತದ ಕಲಶವಿದ್ದರೆ ಇನ್ನೊಂದು ಕೈಯಲ್ಲಿ ಜಿಗಣೆ ಇರುತ್ತದೆ.

"ಉಂಬಳಕ್ಕೂ ದೇವರ ಕೈಯಲ್ಲಿ ಜಾಗ ಸಿಕ್ತಲ್ಲ!" ಎಂದು ಸೀತಕ್ಕ ಬಚ್ಚಲೊಲೆಗೆ ಸೌದೆ ಒಟ್ಟುತ್ತಿದ್ದಲ್ಲಿಂದಲೇ ಕೂಗಿದರು.

ವೈದ್ಯನಿಗೆ ಬೇಕಾದ್ದು ಯಾವುದನ್ನು ರೋಗಿಯ ಮೈಗೆ ಹಚ್ಚಬಹುದು ಎಂಬ ಲೆಕ್ಕ. ಆ ಲೆಕ್ಕಕ್ಕೆ ಸುಶ್ರುತರ ವಿಂಗಡಣೆ ಸಾಕು. ಜಿಗಣೆ ಹುಟ್ಟಿದ್ದು ಯಾರ ಮನೆಯಲ್ಲಿ ಎಂಬುದು ಬೇರೆ ಪ್ರಶ್ನೆ. ಅದನ್ನು ಯುರೋಪಿನವರು ಕೈಗೆತ್ತಿಕೊಂಡಾಗ ಮೊದಲು ಆದದ್ದು ಬರೀ ಗೊಂದಲ. ಸ್ವೀಡನ್ನಿನ ಕಾರ್ಲ್ ಲಿನೇಯಸ್ 1758ರಲ್ಲಿ ತನ್ನ ಪುಸ್ತಕದ ಹತ್ತನೆಯ ಆವೃತ್ತಿಯಲ್ಲಿ ಇಡೀ ಪ್ರಾಣಿಲೋಕವನ್ನು ಆರು ಪಾಲು ಮಾಡಿದ. ಸ್ತನಿ, ಹಕ್ಕಿ, ಉಭಯವಾಸಿ, ಮೀನು, ಕೀಟ ಎಂದು ಐದು ಆದ ಮೇಲೆ ಉಳಿದದ್ದನ್ನೆಲ್ಲ 'ವರ್ಮೀಸ್' ಎಂಬ ಆರನೆಯ ಪಾಲಿಗೆ ಹಾಕಿದ. ಅದರೊಳಗೆ ಎರೆಹುಳು, ಜಿಗಣೆ, ಬಸವನಹುಳು, ಹವಳ ಎಲ್ಲವೂ ಇದ್ದವು. ಹ್ಯಾಗ್‌ಫಿಶ್ ಎಂಬ, ಮೀನಿನ ಹತ್ತಿರದ ಜಲಚರವೂ ಎರೆಹುಳುವಿನ ಪಕ್ಕದಲ್ಲೇ ಕೂತಿತ್ತು. ಇತ್ತ ನಿಜವಾಗಿ ಒಂದೇ ಸಂಸಾರದ ಕಡಲಹುಳುಗಳು ಮೂರು ಮೂಲೆಗೆ ಚದುರಿದವು: ಕೆಲವು ಕರುಳಹುಳುಗಳ ಜೊತೆ, ಕೆಲವು ಮೃದ್ವಂಗಿಗಳ ಜೊತೆ, ಸುಣ್ಣದ ಕೊಳವೆ ಕಟ್ಟಿಕೊಳ್ಳುವಂಥವು ಚಿಪ್ಪಿನ ಪ್ರಾಣಿಗಳ ಜೊತೆ.

ಗೊಂದಲವನ್ನು ಬಿಡಿಸಿದವರು ಫ್ರಾನ್ಸಿನ ಇಬ್ಬರು. ಕುವಿಯೇ ಕೆಂಪುರಕ್ತದ ಹುಳುಗಳನ್ನು ಬೇರೆ ತೆಗೆದ. ಲಾಮಾರ್ಕ್ 1802ರಲ್ಲಿ ಅವಕ್ಕೆ 'ಅನೆಲಿಡ್' ಎಂದು ಹೆಸರಿಟ್ಟ. ನಮ್ಮ ಕನ್ನಡ ಪಠ್ಯಪುಸ್ತಕಗಳ ವಲಯವಂತಗಳು ಇವೇ. ಮೈಯೆಲ್ಲ ಉಂಗುರಗಳು, ಒಂದೊಂದು ಉಂಗುರದೊಳಗೂ ಹೆಚ್ಚುಕಡಿಮೆ ಅದೇ ಸಂಸಾರ: ನರದ ಗಂಟು, ಮೂತ್ರ ಸೋಸುವ ನಾಳ, ಸ್ನಾಯುಗಳ ಎರಡು ಪದರ. ಇಂದಿಗೆ ಹೆಸರಿಟ್ಟಿರುವ ಪ್ರಭೇದಗಳೇ ಸುಮಾರು 20 ಸಾವಿರ.

"ಇಪ್ಪತ್ತು ಸಾವಿರವಾ! ಅಷ್ಟನ್ನ ನಿಮ್ಮ ಹುಡುಗರು ಹೆಂಗೆ ನೆನಪಿಟ್ಕೊಳ್ತಿದ್ರು?"

ಹುಡುಗರಿಗೆ ಅಷ್ಟು ಕಷ್ಟ ಕೊಡುತ್ತಿರಲಿಲ್ಲ. ಪಿಯುಸಿಯಲ್ಲಿ ಓದಿದವರಿಗೆ ನೆನಪಿರಬಹುದು, ಪರೀಕ್ಷೆಯಲ್ಲಿ ಮೂರು ವರ್ಗ ಬರೆದರೆ ಅಂಕ ಸಿಗುತ್ತಿತ್ತು. ಮೈತುಂಬ ಬಿರುಗೂದಲಿರುವ ಪಾಲಿಕೀಟಾ, ಇವು ಹೆಚ್ಚಾಗಿ ಕಡಲಿನವು. ಅಲ್ಲೊಂದು ಇಲ್ಲೊಂದು ಕೂದಲಿರುವ ಆಲಿಗೋಕೀಟಾ, ಅಂದರೆ ಎರೆಹುಳುಗಳು. ಕೂದಲೇ ಇಲ್ಲದ ಹಿರುಡಿನಿಯಾ, ಅಂದರೆ ಜಿಗಣೆ–ಉಂಬಳಗಳು. ಜರ್ಮನಿಯ ಗ್ರೂಬ 1850ರಲ್ಲಿ ಇಟ್ಟ ಹೆಸರುಗಳೇ ಇದರ ತಳಪಾಯ. ಎರೆಹುಳುವಿಗೆ ಎಲ್ಲಿಯ ಕೂದಲು ಎನ್ನುವವರು ಒಂದನ್ನು ಒರಟು ಕಾಗದದ ಮೇಲೆ ಬಿಡಬೇಕು. ಕಿವಿ ಹತ್ತಿರ ಹಿಡಿದರೆ ಕಾಗದ ಕೆರೆಯುವ ಸಣ್ಣ ಸದ್ದು ಕೇಳುತ್ತದೆ. ಬಿಲದಿಂದ ಎಳೆದರೆ ಬಾರದೆ ಕಚ್ಚಿಕೊಳ್ಳುವುದೂ ಆ ಬಿರುಗೂದಲಿನಿಂದಲೇ.

"ಹಂಗಾರೆ ಮೂರು ಪಾಲಾಯ್ತಲ್ಲ. ಉಂಬಳದ ಪಾಲು ಬೇರೆ, ಎರೆಹುಳದ ಪಾಲು ಬೇರೆ. ಮತ್ತೆ ಒಂದೇ ಮನೆ ಅಂತ ಎಂತಕ್ಕೆ ಹೇಳ್ತೀರಿ?"

ಇಲ್ಲಿಂದಲೇ ಕಥೆ ರುಚಿಕಟ್ಟಾಗುವುದು. ಕೂದಲು ಇಲ್ಲ, ಆದ್ದರಿಂದ ಬೇರೆ ಎನ್ನುವುದು ದುರ್ಬಲ ವಾದ. ಇಲ್ಲದ್ದನ್ನು ಸಾಕ್ಷಿಗೆ ಕರೆದರೆ ಅದು ಯಾರ ಪರವಾಗಿಯೂ ಹೇಳುತ್ತದೆ. ಮೊದಲಿನಿಂದಲೂ ಇರಲಿಲ್ಲವೋ, ಇದ್ದದ್ದು ಉದುರಿಹೋಯಿತೋ? ಉತ್ತರದ ತಣ್ಣೀರಿನ ಸಾಲ್ಮನ್ ಜಾತಿಯ ಮೀನುಗಳ ಮೈಗೆ ಅಂಟಿಕೊಂಡು ಬದುಕುವ ಅಕ್ಯಾಂಥೊಬ್ಡೆಲ್ಲಾ ಎಂಬ ಜೀವಿ ಇದೆ. ನೋಡಿದರೆ ಜಿಗಣೆ. ಆದರೆ ಮೈಯ ಮುಂಭಾಗದ ಕೆಲವು ಖಂಡಗಳಲ್ಲಿ ಎರೆಹುಳುವಿನ ಬಿರುಗೂದಲು ಇನ್ನೂ ಉಳಿದಿದೆ. ಕೂದಲು ಉದುರಿದ್ದು ಎಂಬುದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ಬೇಕಿಲ್ಲ.

ಇನ್ನು ಇರುವುದನ್ನು ನೋಡಿ. ಬೆಳೆದ ಎರೆಹುಳುವಿನ ಕುತ್ತಿಗೆಯ ಹಿಂದೆ ಬಣ್ಣ ಬೇರೆಯಾದ ಒಂದು ದಪ್ಪ ಪಟ್ಟಿ ಇರುತ್ತದಲ್ಲ, ಅದು ಮೊಟ್ಟೆಗೂಡನ್ನು ಸ್ರವಿಸುವ ಭಾಗ. ಉಂಬಳಕ್ಕೂ ಆ ಪಟ್ಟಿ ಇದೆ. ಮೊಟ್ಟೆ ಇಡುವ ಕಾಲದಲ್ಲಿ ಮಾತ್ರ ಎದ್ದು ಕಾಣುತ್ತದೆ. ಎರಡರಲ್ಲೂ ಒಂದೇ ಹುಳು ಗಂಡೂ ಹೌದು, ಹೆಣ್ಣೂ ಹೌದು. ಎರಡೂ ಮೊಟ್ಟೆಗಳನ್ನು ಗೂಡಿನಲ್ಲಿಟ್ಟು ಬಿಡುತ್ತವೆ, ಮರಿ ಬರುವಾಗ ಪುಟ್ಟ ಹುಳುವಾಗಿಯೇ ಬರುತ್ತದೆ. ಎರಡೂ ಉಸಿರಾಡುವುದು ಒದ್ದೆ ಚರ್ಮದಿಂದ. ಸೀತಕ್ಕನ ಉಪ್ಪು ಉಂಬಳವನ್ನು ಮುರುಟಿಸುವುದು ಆ ಚರ್ಮದ ನೀರನ್ನು ಎಳೆದೇ. ಅಂಗಳದಲ್ಲಿ ಚೆಲ್ಲಿದ ಅದೇ ಉಪ್ಪು ಎರೆಹುಳುವಿಗೂ ಅದೇ ಗತಿ ತರುತ್ತದೆ. ಈ ಪಟ್ಟಿಯನ್ನು ಹಿಡಿದೇ ಜರ್ಮನಿಯ ಮಿಖೇಲ್ಸನ್ 1919ರಲ್ಲಿ ಎರಡನ್ನೂ ಸೇರಿಸಿ ಕ್ಲೈಟೆಲ್ಲೇಟಾ ಎಂಬ ಒಂದೇ ಗುಂಪು ಮಾಡಿದ. ಆಮೇಲೆ ಡಿಎನ್‌ಎ ಓದುವವರು ಬಂದು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು: ಜಿಗಣೆ ಎರೆಹುಳುವಿನ ಪಕ್ಕದ ಮನೆಯದಲ್ಲ, ಅದೇ ಮನೆಯೊಳಗೆ ಹುಟ್ಟಿದ್ದು. ಸಿಹಿನೀರಿನ ಲುಂಬ್ರಿಕ್ಯುಲಿಡ್ ಎಂಬ ಸಣ್ಣ ಹುಳುಗಳು ಅದರ ಅತಿ ಹತ್ತಿರದ ಒಡಹುಟ್ಟುಗಳು.

"ಒಂದೇ ಮನೆಯವು ಅಂದ್ಮೇಲೆ ಜಗಳ ಇರ್ಬೇಕಲ್ಲ?" ಗೌಡರಿಗೆ ದಾಯಾದಿಗಳ ಅನುಭವ ಚೆನ್ನಾಗಿದೆ.

ಇದೆ. ಎಲ್ಲ ಜಿಗಣೆಗಳೂ ರಕ್ತ ಕುಡಿಯುವುದಿಲ್ಲ, ಎರೆಹುಳುವನ್ನೇ ನುಂಗುವವೂ ಇವೆ. ಬೋರ್ನಿಯೋ ದ್ವೀಪದ ಕಿನಬಾಲು ಬೆಟ್ಟದಲ್ಲಿ ಕೆಂಪು ಬಣ್ಣದ ದೈತ್ಯ ಜಿಗಣೆಯೊಂದು ಅಷ್ಟೇ ದೈತ್ಯ ಎರೆಹುಳುವನ್ನು ಇಡಿಯಾಗಿ ಒಳಗೆಳೆದುಕೊಳ್ಳುತ್ತದೆ. ಅಲ್ಲಿ ಭಾಗಪತ್ರದ ಪ್ರಶ್ನೆಯೇ ಏಳುವುದಿಲ್ಲ.

ಗೆರೆ ಗೆರೆ ಅಂದಿರಲ್ಲ, ಅದರಲ್ಲೂ ಒಂದು ಮೋಸವಿದೆ. ಎರೆಹುಳುವಿನ ಹೊರಗಿನ ಗೆರೆಗೆ ಸರಿಯಾಗಿ ಒಳಗೊಂದು ಪರದೆ ಇರುತ್ತದೆ. ನೂರು ಉಂಗುರ ಕಂಡರೆ ಖಂಡಗಳೂ ನೂರು. ಉಂಬಳದ ಮೈಮೇಲೂ ಎಣಿಸಿದರೆ ನೂರರ ಆಸುಪಾಸು ಗೆರೆ ಸಿಗುತ್ತವೆ. ಆದರೆ ಅದು ಮೇಲಿನ ನೆರಿಗೆ. ನಡುಮೈಯಲ್ಲಿ ಐದು ನೆರಿಗೆ ಸೇರಿದರೆ ಒಂದು ಖಂಡ. ನರದ ಗಂಟುಗಳನ್ನು ಹಿಡಿದು ಲೆಕ್ಕ ಹಾಕಿದರೆ ನಿಜವಾದ ಖಂಡಗಳು 33 ಅಥವಾ 34 ಅಷ್ಟೇ. ತಲೆಯ ತುದಿಯನ್ನು ಲೆಕ್ಕಕ್ಕೆ ಹಿಡಿಯುವ ರೀತಿಯ ಮೇಲೆ ಒಂದು ಆಚೀಚೆ. ಹುಲ್ಲಿನ ತುದಿಯಲ್ಲಿ ನಿಂತು ತೂಗುವ ಕಡ್ಡಿಯಂಥ ಮರಿಗೂ ಎಮ್ಮೆಯ ಕೆಚ್ಚಲಿಗಂಟಿ ಹೆಬ್ಬೆರಳ ಗಾತ್ರಕ್ಕೆ ಉಬ್ಬಿದ ಜಿಗಣೆಗೂ ಅದೇ ಸಂಖ್ಯೆ. ಎಷ್ಟು ಕುಡಿದರೂ ಒಂದು ಖಂಡ ಹೆಚ್ಚುವುದಿಲ್ಲ.

ಅಷ್ಟರಲ್ಲಿ ಸೀತಕ್ಕ ಕೈ ಒರೆಸಿಕೊಳ್ಳುತ್ತಾ ಬೇಲಿ ಹತ್ತಿರ ಬಂದರು. "ಹೋದ ಮಳೆಗಾಲ ತೋಟದ ಕಪ್ಪಿನಲ್ಲಿ ಒಂದು ಮೊಳದ ಎರೆಹುಳ ಸಿಕ್ಕಿತ್ತಲ್ಲ ಮೇಷ್ಟ್ರೇ, ಅದರ ಮೈಮೇಲೂ ಉಂಗುರ ಇತ್ತು. ಬಾಯಿ ಬೇರೆ ತೆಗೀತಿತ್ತು. ಅದೂ ಇದೇ ಮನೆಯದಾ?"

ಅಲ್ಲ. ಬಾಯಿ ತೆರೆದು ಹಲ್ಲು ತೋರಿಸಿತೆಂದರೆ ಅದು ಸಿಸಿಲಿಯನ್. ಕಾಲಿಲ್ಲದ ಉಭಯವಾಸಿ, ಕಪ್ಪೆಯ ಬಂಧು, ಒಳಗೆ ಬೆನ್ನೆಲುಬು ಇರುವಂಥದ್ದು. ಪಶ್ಚಿಮಘಟ್ಟದ ಒದ್ದೆ ಮಣ್ಣಿನಲ್ಲಿ ಇವುಗಳ ಹಲವು ಪ್ರಭೇದಗಳಿವೆ. ಹಾವೆಂದೋ ದೊಡ್ಡ ಎರೆಹುಳುವೆಂದೋ ತಿಳಿದು ಗುದ್ದಲಿಯಲ್ಲಿ ಕಡಿಯುತ್ತಾರೆ, ಪಾಪ. ವಿಷವಿಲ್ಲ, ತಂಟೆಯಿಲ್ಲ. ಹಾಗೆಯೇ ಲಾಡಿಹುಳುವಿನ ಮೈ ತುಂಡು ತುಂಡಾಗಿ ಜೋಡಿಸಿದಂತೆ ಕಂಡರೂ ಅದು ವಲಯವಂತವಲ್ಲ, ಚಪ್ಪಟೆಹುಳು. ಅದರ ತುಂಡುಗಳು ಕುತ್ತಿಗೆಯ ಬಳಿ ಒಂದಾದ ಮೇಲೊಂದು ಹುಟ್ಟಿ, ಬಾಲದ ಕಡೆ ಮೊಟ್ಟೆ ತುಂಬಿಕೊಂಡು ಉದುರಿಹೋಗುತ್ತವೆ. ಎರೆಹುಳುವಿನ ಖಂಡಗಳು ಬಾಲದ ತುದಿಯ ಮುಂದೆ ಹುಟ್ಟಿ ಅಲ್ಲೇ ಉಳಿಯುತ್ತವೆ. ಹೊರಗಿನ ರೂಪ ಒಂದೇ, ಒಳಗಿನ ಕಟ್ಟೋಣ ತಿರುವುಮುರುವು.

"ಸಹಸ್ರಪದಿ?"

ಅದರ ಕಥೆಯಲ್ಲಿ ಪ್ರಾಣಿಶಾಸ್ತ್ರಜ್ಞರೇ ನೂರೆಂಬತ್ತು ವರ್ಷ ಒಂದು ನಂಬಿಕೆ ಹಿಡಿದು ಕೂತಿದ್ದರು. ಕುವಿಯೇ 1817ರಲ್ಲಿ ಎರೆಹುಳು–ಜಿಗಣೆಗಳನ್ನೂ ಕೀಟ, ಏಡಿ, ಸಹಸ್ರಪದಿಗಳನ್ನೂ ಒಟ್ಟುಗೂಡಿಸಿ 'ಆರ್ಟಿಕ್ಯುಲೇಟಾ' ಎಂದು ಕರೆದ. ಎಲ್ಲಕ್ಕೂ ಖಂಡಗಳಿವೆ, ಆದ್ದರಿಂದ ಎಲ್ಲವೂ ಬಂಧುಗಳು. ಎರಡೂ ಮನೆಗಳ ನಡುವಿನ ಕೊಂಡಿಯೆಂದು ಪೆರಿಪೇಟಸ್ ಎಂಬ ಮಖಮಲ್ಲಿನ ಮೈಯ, ಮೊಂಡುಗಾಲಿನ ಹುಳುವನ್ನು ತೋರಿಸುತ್ತಿದ್ದರು. ನಾವೂ ಬೋರ್ಡಿನ ಮೇಲೆ ಚಿತ್ರ ಬರೆದು ಅದನ್ನೇ ಪಾಠ ಮಾಡಿದೆವು. ಅದರ ಬಳಗದ ಒಂದು ಜೀವಿ ನಮ್ಮ ದೇಶದಲ್ಲೂ, ಅರುಣಾಚಲದ ಸಿಯಾಂಗ್ ಕಣಿವೆಯಲ್ಲಿ ಇದೆ. 1990ರ ದಶಕದಲ್ಲಿ ವಂಶವಾಹಿಗಳನ್ನು ಹೋಲಿಸಿ ನೋಡಿದಾಗ ಆರ್ಟಿಕ್ಯುಲೇಟಾ ಎಂಬ ಈ ಮನೆ ಒಡೆಯಿತು. 1997ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಲೇಖನದ ಪ್ರಕಾರ ಕೀಟ, ಏಡಿ, ಸಹಸ್ರಪದಿ, ಪೆರಿಪೇಟಸ್ಸುಗಳು ಪೊರೆ ಬಿಡುವ ಪ್ರಾಣಿಗಳ ಗುಂಪಿನವು. ಅವುಗಳ ಬಂಧು ದುಂಡುಹುಳು, ಅಂದರೆ ಮಕ್ಕಳ ಹೊಟ್ಟೆಯ ಜಂತುಹುಳು. ಎರೆಹುಳು ಮತ್ತು ಉಂಬಳದ ಬಂಧುಗಳು ಬಸವನಹುಳು, ಕಪ್ಪೆಚಿಪ್ಪು, ಆಕ್ಟೋಪಸ್ಸುಗಳು.

"ಬಸವನಹುಳವಾ!" ಗೌಡರು ಕೋಲನ್ನು ನೆಲಕ್ಕೆ ಕುಟ್ಟಿದರು. "ನನ್ನ ಅಡಿಕೆ ಸಸಿ, ತರಕಾರಿ ಬಳ್ಳಿ ಎಲ್ಲ ನುಣ್ಣಗೆ ಮೇಯ್ತಿದೆಯಲ್ಲ, ಅದಾ? ಎರೆಹುಳಕ್ಕೆ ಎಂಥೆಂಥಾ ನೆಂಟರಪ್ಪಾ."

ನೆಂಟರನ್ನು ನಾವು ಆರಿಸಿಕೊಳ್ಳುವಂತಿಲ್ಲ, ಎರೆಹುಳುವೂ ಅಷ್ಟೆ. ಇದಕ್ಕೊಂದು ಹಳೆಯ ಸಾಕ್ಷಿಯೂ ಇತ್ತು. ಎರೆಹುಳುವಿನ ಕಡಲ ಬಂಧುಗಳಿಗೂ ಕಡಲಿನ ಎಷ್ಟೋ ಚಿಪ್ಪಿನ ಪ್ರಾಣಿಗಳಿಗೂ ಎಳೆತನದಲ್ಲಿ ಒಂದೇ ರೂಪ. ಕಣ್ಣಿಗೆ ಕಾಣದಷ್ಟು ಚಿಕ್ಕ, ನಡುವಿಗೆ ರೋಮದ ಪಟ್ಟಿ ಕಟ್ಟಿಕೊಂಡು ನೀರಿನಲ್ಲಿ ತಿರುಗುವ ಟ್ರೋಕೊಫೋರ್ ಎಂಬ ಮರಿ. ಅದನ್ನು ಕಂಡೂ ಖಂಡಗಳ ಮೋಹಕ್ಕೆ ಬಿದ್ದವರು ಕಡೆಗಣಿಸಿದ್ದರು. ಖಂಡ ಖಂಡವಾದ ಮೈ ಬೇರೆ ಬೇರೆ ವಂಶಗಳಲ್ಲಿ ತಾನೇ ತಾನಾಗಿ ಮೂಡಿರಬೇಕು ಎಂಬುದು ಈಗ ಹೆಚ್ಚಿನವರ ಅಭಿಪ್ರಾಯ.

ಉಂಗುರವಿದ್ದೂ ಮನೆಯವರಲ್ಲದ್ದು ಹೀಗಾಯಿತು. ಉಂಗುರವಿಲ್ಲದೆಯೂ ಮನೆಯವರಾದವರ ಕಥೆ ಇದಕ್ಕಿಂತ ಚೆಂದ. 1899–1900ರಲ್ಲಿ ಸಿಬೋಗ ಎಂಬ ಡಚ್ಚರ ಹಡಗು ಇಂದಿನ ಇಂಡೋನೇಷ್ಯಾದ ಕಡಲಲ್ಲಿ ಬಲೆ ಎಳೆಯಿತು. ಆಳದಿಂದ ನೂಲಿನೆಳೆಯಷ್ಟು ತೆಳುವಾದ, ಬಾಯಿಯೂ ಇಲ್ಲದ ಕರುಳೂ ಇಲ್ಲದ ಹುಳುಗಳು ಬಂದವು. ಫ್ರಾನ್ಸಿನ ಕೋಲರಿ 1914ರಲ್ಲಿ ಅವನ್ನು ವರ್ಣಿಸಿದ. ಮೈಯಲ್ಲಿ ಖಂಡಗಳು ಕಾಣಲಿಲ್ಲ. ಇವು ಯಾರ ಪೈಕಿ ಎಂದು ಅರ್ಧ ಶತಮಾನ ಚರ್ಚೆ ನಡೆಯಿತು. ಪೋಗೊನೊಫೊರಾ ಎಂದು ಬೇರೆ ವಂಶವೇ ಹುಟ್ಟಿಕೊಂಡಿತು, ಬೆನ್ನೆಲುಬಿನ ಪ್ರಾಣಿಗಳ ದೂರದ ಬಂಧುಗಳಿರಬೇಕು ಎಂದವರೂ ಇದ್ದರು. 1964ರಲ್ಲಿ ಒಂದು ಇಡಿಯ ಹುಳು ಕೈಗೆ ಬಂತು. ಆಗ ತಿಳಿಯಿತು: ಅಷ್ಟು ದಿನ ಬಲೆ ಎಳೆದಾಗಲೆಲ್ಲ ಬಾಲ ಕಿತ್ತು ಕೆಸರಿನಲ್ಲೇ ಉಳಿಯುತ್ತಿತ್ತು. ಆ ಬಾಲದಲ್ಲಿತ್ತು ಉಂಗುರ, ಅದರ ಮೇಲಿತ್ತು ಬಿರುಗೂದಲು.

1977ರಲ್ಲಿ ಗಲಪಾಗೋಸ್ ದ್ವೀಪಗಳ ಬಳಿ ಕಡಲ ತಳದ ಬಿಸಿನೀರ ಬುಗ್ಗೆಗಳ ಹತ್ತಿರ ಇದರದೇ ದೈತ್ಯ ದಾಯಾದಿಗಳು ಸಿಕ್ಕವು. ಆಳೆತ್ತರ ಮೀರಿದ ಬಿಳಿಯ ಕೊಳವೆಯಿಂದ ಕೆಂಪು ಗರಿ ಹೊರಚಾಚಿದ ರಿಫ್ಟಿಯಾ. ಇದಕ್ಕೂ ಬಾಯಿಲ್ಲ; ಮೈಯೊಳಗೆ ಸಾಕಿಕೊಂಡ ಬ್ಯಾಕ್ಟೀರಿಯಾಗಳು ಗಂಧಕದ ಅನಿಲದಿಂದ ಶಕ್ತಿ ತೆಗೆದು ಅನ್ನ ಮಾಡಿ ಹಾಕುತ್ತವೆ. ಇದಕ್ಕೂ ಒಂದು ಪ್ರತ್ಯೇಕ ವಂಶ ಕಟ್ಟಿದರು. 1997ರಲ್ಲಿ ಡೇವನೆಟ್ ಮೆಕ್‌ಹ್ಯೂ ಎಂಬ ವಿಜ್ಞಾನಿ ವಂಶವಾಹಿ ನೋಡಿ, ಪೋಗೊನೊಫೊರಾಗಳೂ ಎಕಿಯೂರಾ ಎಂಬ ಉಂಗುರವಿಲ್ಲದ ಕಡಲಹುಳುಗಳೂ ವಲಯವಂತಗಳೊಳಗೇ ಸೇರುತ್ತವೆ ಎಂದು ತೋರಿಸಿದರು. ಸಿಪನ್‌ಕ್ಯುಲಾ ಎಂಬ ಕಡಲೆಕಾಯಿ ಆಕಾರದ ಹುಳುಗಳೂ ಆಮೇಲೆ ಇದೇ ಮನೆಗೆ ಬಂದು ಸೇರಿದವು. ವಂಶ ಎಂಬ ದೊಡ್ಡ ಬೋರ್ಡು ಹಾಕಿಕೊಂಡಿದ್ದವು ಒಂದೊಂದಾಗಿ ಬೋರ್ಡು ಇಳಿಸಿ ಒಂದು ಕೋಣೆಗೆ ತೃಪ್ತಿಪಟ್ಟವು.

ಎಕಿಯೂರಾಗಳ ಪೈಕಿ ಬೊನೆಲಿಯಾ ಎಂಬ ಹಸಿರು ಹುಳು ಮೆಡಿಟರೇನಿಯನ್ ಕಡಲಲ್ಲಿದೆ. ಹೆಣ್ಣಿನ ಮೈ ಗೇಣುದ್ದದ ಒಳಗೆ, ಸೊಂಡಿಲು ಚಾಚಿದರೆ ಒಂದು ಮೀಟರ್. ಗಂಡು ಒಂದರಿಂದ ಮೂರು ಮಿಲಿಮೀಟರ್. ಅವನು ಬದುಕುವುದು ಹೆಂಡತಿಯ ಮೈಯೊಳಗೆ, ಊಟವೂ ಅಲ್ಲೇ. ಮರಿ ನೆಲದ ಮೇಲೆ ಕೂತರೆ ಹೆಣ್ಣಾಗುತ್ತದೆ, ದೊಡ್ಡ ಹೆಣ್ಣಿನ ಸೊಂಡಿಲ ಮೇಲೆ ಕೂತರೆ ಗಂಡಾಗುತ್ತದೆ.

ಸೀತಕ್ಕ ಗೌಡರ ಕಡೆ ಒಮ್ಮೆ ನೋಡಿ, "ಇದಕ್ಕೆ ಕಡಲವರೆಗೆ ಹೋಗ್ಬೇಕಾ ಮೇಷ್ಟ್ರೇ?" ಅಂದರು. ಗೌಡರು ಅಡಿಕೆ ಮರದ ತುದಿ ನೋಡತೊಡಗಿದರು.

ಒಟ್ಟಿನಲ್ಲಿ ಇಂದಿನ ಲೆಕ್ಕ ಹೀಗಿದೆ. 2011ರಲ್ಲಿ ಟಾರ್ಸ್ಟನ್ ಸ್ಟ್ರುಕ್ ಮತ್ತು ಸಂಗಡಿಗರು ನೂರಾರು ವಂಶವಾಹಿಗಳನ್ನು ಒಟ್ಟಿಗೆ ಹೋಲಿಸಿ, ವಲಯವಂತಗಳಲ್ಲಿ ಎರಡು ದೊಡ್ಡ ಕವಲು ಎಂದರು. ಒಂದು ಎರಾಂಟಿಯಾ: ಓಡಾಡಿ, ಬೇಟೆಯಾಡಿ ಬದುಕುವ ಕಡಲಹುಳುಗಳು. ಗಜನಿಯಲ್ಲಿ, ಅಳಿವೆಯ ಕೆಸರಿನಲ್ಲಿ ಗಾಳಕ್ಕೆಂದು ಅಗೆಯುವ ಹುಳುಗಳಲ್ಲಿ ಈ ಕಡೆಯವೇ ಬಹಳ. ಸಮೋವಾ ದ್ವೀಪದಲ್ಲಿ ಅಕ್ಟೋಬರ್–ನವೆಂಬರ್ ತಿಂಗಳ ಕೃಷ್ಣಪಕ್ಷದಲ್ಲಿ ಜನ ಬೆಳಗಿನ ಜಾವ ಬುಟ್ಟಿ ಹಿಡಿದು ಮೊಗೆದು ತಿನ್ನುವ ಪಲೋಲೊ ಕೂಡ ಇದೇ ಕಡೆಯದು. ಮೇಲೆ ತೇಲಿ ಬರುವುದು ಮೊಟ್ಟೆ–ವೀರ್ಯ ತುಂಬಿದ ಹಿಂದಿನ ಅರ್ಧ ಮೈ ಮಾತ್ರ, ತಲೆ ಹವಳದ ಬಿರುಕಿನಲ್ಲಿ ಸುಖವಾಗಿರುತ್ತದೆ. ಇನ್ನೊಂದು ಕವಲು ಸೆಡೆಂಟೇರಿಯಾ: ಕೊಳವೆ, ಬಿಲ ಮಾಡಿಕೊಂಡು ಕೂತಲ್ಲೇ ಉಣ್ಣುವಂಥವು. ನಮ್ಮ ಎರೆಹುಳು, ಉಂಬಳ ಎರಡೂ ಈ ಎರಡನೆಯ ಕವಲಿನವು. ಈ ಎರಡು ಕವಲಿಗೂ ಸೇರದೆ ಬುಡದಲ್ಲೇ ಬೇರೆಯಾದವು ಕೆಲವಿವೆ, ಸಿಪನ್‌ಕ್ಯುಲಾ ಅಂಥದ್ದು. ಪಾಲಿಕೀಟಾ ಎಂಬುದು ಈಗ ಒಂದು ಮನೆಯ ಹೆಸರಾಗಿ ಉಳಿದಿಲ್ಲ. ಎರೆಹುಳು, ಜಿಗಣೆಗಳೂ ಅದರೊಳಗಿಂದಲೇ ಹೊರಟವು ಎಂದ ಮೇಲೆ ಅವನ್ನು ಹೊರಗಿಟ್ಟು ಉಳಿದದ್ದಕ್ಕೆ ಮಾತ್ರ ಹೆಸರಿಡುವುದು ನ್ಯಾಯವಲ್ಲ.

"ನಿಮ್ಮವರಿಗೆ ಬೇರೆ ಕೆಲಸ ಇಲ್ವಾ ಮೇಷ್ಟ್ರೇ? ಇವತ್ತು ಕಟ್ಟೋದು, ನಾಳೆ ಒಡೆಯೋದು. ಹೆಸರು ಬದಲಾಯಿಸಿದ್ರೆ ಹುಳ ಬದಲಾಗ್ತದಾ?"

ಹೆಸರಿನ ಕಾಟ ನನಗೂ ಗೊತ್ತು. ಮೇಣದ ತಟ್ಟೆಗೆ ಪಿನ್ನು ಚುಚ್ಚಿ ನಾವು ಕೊಯ್ದ ಎರೆಹುಳು ಫೆರೆಟಿಮಾ ಪೋಸ್ತುಮಾ. ಲಖನೌ ವಿಶ್ವವಿದ್ಯಾಲಯದ ಕರಮ್ ನಾರಾಯಣ್ ಬಹಲ್ 1926ರಲ್ಲಿ ಅದರ ಬಗ್ಗೆ ಬರೆದ ಪುಸ್ತಕ ದೇಶದ ಎಲ್ಲ ಕಾಲೇಜುಗಳಿಗೂ ಪ್ರಮಾಣವಾಗಿತ್ತು. 14, 15, 16ನೆಯ ಖಂಡದಲ್ಲಿ ಪಟ್ಟಿ, 18ರಲ್ಲಿ ಗಂಡು ರಂಧ್ರ ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುವ ತಲೆಮಾರು ನಮ್ಮದು. 1972ರಲ್ಲಿ ಸಿಮ್ಸ್ ಮತ್ತು ಈಸ್ಟನ್ ಎಂಬಿಬ್ಬರು ಆ ದೊಡ್ಡ ಜಾತಿಯನ್ನು ಒಡೆದರು, ನಮ್ಮ ಹುಳು ಮೆಟಾಫೈರ್ ಪೋಸ್ತುಮಾ ಆಯಿತು. ಪಟ್ಟಿ ಮಾತ್ರ ಈಗಲೂ 14ರಿಂದ 16ರಲ್ಲೇ ಇದೆ.

ಆದರೆ ಹೆಸರು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಜಿಗಣೆಯೇ ಸಾಕ್ಷಿ. 19ನೆಯ ಶತಮಾನದಲ್ಲಿ ಫ್ರಾನ್ಸಿನ ವೈದ್ಯರು ಯಾವ ಕಾಯಿಲೆಗೂ ಜಿಗಣೆ ಹಚ್ಚುತ್ತಿದ್ದರು. 1833ರ ಒಂದೇ ವರ್ಷ ಆ ದೇಶ ತರಿಸಿಕೊಂಡ ಜಿಗಣೆ 4 ಕೋಟಿಗೂ ಹೆಚ್ಚು. ಊರ ಕೆರೆಗಳು ಬರಿದಾದವು. ಈಗ ಕತ್ತರಿಸಿಹೋದ ಬೆರಳನ್ನು ಮತ್ತೆ ಜೋಡಿಸಿದಾಗ ಕಟ್ಟಿಕೊಂಡ ರಕ್ತ ಇಳಿಸಲು ಜಿಗಣೆ ಹಚ್ಚುತ್ತಾರೆ. 2004ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇದಕ್ಕೆ ಒಪ್ಪಿಗೆ ಕೊಟ್ಟಿತು. ಆಗ ಎಲ್ಲೆಡೆ ಹಿರುಡೊ ಮೆಡಿಸಿನಾಲಿಸ್ ಎಂಬ ಹೆಸರಿನಲ್ಲೇ ಮಾರಾಟವಾಗುತ್ತಿತ್ತು. 2007ರಲ್ಲಿ ಡಿಎನ್‌ಎ ಪರೀಕ್ಷಿಸಿದರೆ, ಮಾರುಕಟ್ಟೆಯಲ್ಲಿದ್ದದ್ದು ಹಿರುಡೊ ವರ್ಬಾನಾ ಎಂಬ ಬೇರೆ ಪ್ರಭೇದ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅದರ ಜೊಲ್ಲಿನ ಮೇಲೆ ನಡೆದ ಸಂಶೋಧನೆಗಳೆಲ್ಲ ಯಾವ ಹುಳುವಿನ ಮೇಲೆ ನಡೆದವು ಎಂದು ಮತ್ತೆ ಕೇಳಬೇಕಾಯಿತು. ಸುಶ್ರುತರು 12 ಬಗೆಗಳನ್ನು ಬೇರ್ಪಡಿಸಲು ಯಾಕೆ ಅಷ್ಟು ಶ್ರಮಪಟ್ಟರು ಎಂಬುದೂ ಇದರಿಂದ ಅರ್ಥವಾಗುತ್ತದೆ.

"ಅದೆಲ್ಲ ಡಾಕ್ಟ್ರ ಪಾಡು. ನನ್ನ ತೋಟಕ್ಕೆ ಇದರಿಂದ ಎಂಥ ಬಂತು ಹೇಳಿ. ಪೇಟೆಯಿಂದ ಕಿಲೋಗಟ್ಟಲೆ ಎರೆಹುಳ ತಂದು ಮರದ ಬುಡಕ್ಕೆ ಬಿಟ್ಟೆ. ಒಂದೂ ಉಳೀಲಿಲ್ಲ."

ಗೌಡರಂತೆ ದುಡ್ಡು ಕಳೆದುಕೊಂಡವರು ಬಹಳ ಮಂದಿ. ಗೊಬ್ಬರದ ತೊಟ್ಟಿಗೆಂದು ಮಾರುವ ಹುಳುಗಳಲ್ಲಿ ಯೂಡ್ರಿಲಸ್ ಯುಜೀನಿಯೇ ಆಫ್ರಿಕಾದ್ದು, ಐಸೀನಿಯಾ ಫೆಟಿಡಾ ಯುರೋಪಿನ ಕಡೆಯದು, ಪೆರಿಯೋನಿಕ್ಸ್ ಎಕ್ಸ್‌ಕವೇಟಸ್ ಏಷ್ಯಾದ್ದೇ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ರಾಧಾ ಕಾಳೆಯವರು ಮತ್ತು ಸಂಗಡಿಗರು ಇವುಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿ ಎರೆಗೊಬ್ಬರವನ್ನು ರೈತರ ಬಳಿಗೆ ತಂದರು. ಮೂರೂ ಹುಳುಗಳ ಗುಣ ಒಂದೇ: ಮೇಲೆ ಕೊಳೆಯುವ ಕಸ, ಸಗಣಿ ತಿಂದು ಬದುಕುವುದು. ಅವು ಮಣ್ಣು ಕೊರೆಯುವುದಿಲ್ಲ. ಕಸವಿಲ್ಲದ ಬರಿಯ ಮಣ್ಣಿಗೆ ಬಿಟ್ಟರೆ ಹಸಿದು ಸಾಯುತ್ತವೆ, ಇಲ್ಲವೇ ಕೋಳಿಯ ಪಾಲಾಗುತ್ತವೆ.

ಇಲ್ಲಿ ವಂಶಾವಳಿಗಿಂತ ಉಪಯೋಗಕ್ಕೆ ಬರುವುದು ಇನ್ನೊಂದು ವಿಂಗಡಣೆ. ಫ್ರಾನ್ಸಿನ ಮಾರ್ಸೆಲ್ ಬೂಶೆ 1970ರ ದಶಕದಲ್ಲಿ ಎರೆಹುಳುಗಳನ್ನು ವಾಸದ ಮೇಲೆ ಮೂರು ಮಾಡಿದ. ಮೇಲ್ಪದರದ ಕಸದಲ್ಲಿರುವ ಕೆಂಪು ಬಣ್ಣದ ಚಿಕ್ಕ ಹುಳುಗಳು. ಮೇಲ್ಮಣ್ಣಿನೊಳಗೇ ಅಡ್ಡಡ್ಡ ಕೊರೆದು ಮಣ್ಣು ತಿನ್ನುವ ಮಂಕುಬಣ್ಣದವು. ಆಳಕ್ಕೆ ನೇರ ಬಿಲ ತೋಡಿ, ರಾತ್ರಿ ಮೇಲೆ ಬಂದು ಎಲೆ ಎಳೆದುಕೊಂಡು ಹೋಗುವ ದೊಡ್ಡವು. ಗೊಬ್ಬರ ಮಾಡುವುದು ಮೊದಲನೆಯದರ ಕೆಲಸ, ಮಣ್ಣು ಸಡಿಲಿಸಿ ನೀರಿಂಗಿಸುವುದು ಉಳಿದೆರಡರ ಕೆಲಸ. ಡಾರ್ವಿನ್ 1881ರ ಪುಸ್ತಕದಲ್ಲಿ, ಇಂಗ್ಲೆಂಡಿನ ಹಲವೆಡೆ ಎಕರೆಗೆ ವರ್ಷಕ್ಕೆ 10 ಟನ್ನಿಗೂ ಹೆಚ್ಚು ಮಣ್ಣು ಇವುಗಳ ಹೊಟ್ಟೆ ಹಾದು ಮೇಲೆ ಬರುತ್ತದೆ ಎಂದು ಲೆಕ್ಕ ಹಾಕಿದ. ಅದೇ ಮನುಷ್ಯ ಎರೆಹುಳುವಿಗೆ ಕಿವಿ ಕೇಳುತ್ತದೆಯೇ ಎಂದು ತಿಳಿಯಲು ಮನೆಯವರಿಂದ ಬಸೂನ್ ಊದಿಸಿದ, ಪಿಯಾನೋ ನುಡಿಸಿದ. ಸದ್ದಿಗೆ ಹುಳು ಮಿಸುಕಲಿಲ್ಲ. ಮಡಕೆಯನ್ನು ಪಿಯಾನೋದ ಮೇಲಿಟ್ಟು ಮಂದ್ರದ ಒಂದು ಸ್ವರ ಒತ್ತಿದಾಗ ಕಂಪನಕ್ಕೆ ಬಿಲ ಸೇರಿತು.

ನಮ್ಮ ತೋಟಗಳ ಮಣ್ಣಿನಲ್ಲಿ ಹುಟ್ಟಾ ಇರುವ ಡ್ರಾವಿಡಾ, ಮೆಗಾಸ್ಕೋಲೆಕ್ಸ್ ಜಾತಿಯ ಹುಳುಗಳು ಪೇಟೆಯಲ್ಲಿ ಸಿಗುವುದಿಲ್ಲ, ಸಿಗಬೇಕಾಗಿಯೂ ಇಲ್ಲ. ಅವಕ್ಕೆ ಬೇಕಾದ್ದು ನೆರಳು, ತೇವ, ಮೇಲೊಂದು ಸೊಪ್ಪಿನ ಹೊದಿಕೆ. ಬೇಡವಾದದ್ದು ತಾಮ್ರ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಮೈಲುತುತ್ತಿನಲ್ಲಿರುವುದು ಅದೇ. ಅದು ಕೊಳೆತು ಹೋಗುವ ವಸ್ತುವಲ್ಲ, ವರ್ಷದಿಂದ ವರ್ಷಕ್ಕೆ ಮರದ ಬುಡದಲ್ಲಿ ಕೂಡುತ್ತಾ ಹೋಗುತ್ತದೆ. ಔಷಧ ಹೊಡೆಯಬೇಡಿ ಎಂದರೆ ಗೌಡರು ನನ್ನನ್ನು ಬೇಲಿಯ ಹತ್ತಿರ ಸೇರಿಸುವುದಿಲ್ಲ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಎಂಬ ಅಳತೆ ಮೀರದಿರಲಿ, ಉಳಿದ ದ್ರಾವಣವನ್ನು ಬುಡಕ್ಕೆ ಸುರಿಯದಿರಲಿ ಎಂದಷ್ಟೇ ಹೇಳಿದೆ.

"ಉಂಬಳಕ್ಕೂ ತಾಮ್ರ ಆಗೋದಿಲ್ವಾ ಹಂಗಾರೆ? ಒಂದೇ ಮನೆ ಅಂದ್ರಲ್ಲ!" ಗೌಡರ ಕಣ್ಣು ಮಿನುಗಿತು.

ಉಂಬಳ ಸಾಯಲಿ ಎಂದು ಮಣ್ಣಿಗೆ ಏನು ಸುರಿದರೂ ಮೊದಲು ಸಾಯುವುದು ಎರೆಹುಳು. ಒಂದೇ ಮನೆಯವರಿಗೆ ಒಂದೇ ವಿಷ ತಟ್ಟುತ್ತದೆ. ಈ ನೆಂಟಸ್ತಿಕೆಯಿಂದ ರೈತನಿಗೆ ಸಿಗುವ ಬುದ್ಧಿಮಾತು ಇದು.

ಆದ್ದರಿಂದ ಓದುಗರಲ್ಲಿ ಎರಡೇ ಮಾತು. ಉಂಬಳ ಕಚ್ಚಿದರೆ ಉಗುರನ್ನು ಅದರ ಬಾಯಿಯ ಅಂಚಿಗೆ ತಾಗಿಸಿ ಮೆಲ್ಲಗೆ ಎಬ್ಬಿಸಿ, ಸೋಪಿನಲ್ಲಿ ತೊಳೆದು ಗಾಯವನ್ನು ಬಟ್ಟೆಯಲ್ಲಿ ಒತ್ತಿ ಹಿಡಿಯಿರಿ. ಉಪ್ಪು, ಸುಣ್ಣ, ಡೆಟಾಲ್ ಏನಿದ್ದರೂ ನಿಮ್ಮ ಕಾಲಿಗಿರಲಿ, ತೋಟದ ನೆಲಕ್ಕೆ ಬೇಡ. ಎರೆಹುಳು ಕೊಳ್ಳಲು ಹೋದರೆ ಕಿಲೋಗೆ ಎಷ್ಟು ಎನ್ನುವ ಮೊದಲು ಇದು ಯಾವ ಹುಳು, ಎಲ್ಲಿ ಬದುಕುವುದು ಎಂದು ಕೇಳಿ. ಮಾರುವವನಿಗೆ ಉತ್ತರ ಗೊತ್ತಿಲ್ಲದಿದ್ದರೆ ದುಡ್ಡು ಜೇಬಿನಲ್ಲೇ ಇಟ್ಟುಕೊಂಡು ಬಂದು, ಅಡಿಕೆ ಮರದ ಬುಡಕ್ಕೆ ಒಂದು ಹೊರೆ ಸೊಪ್ಪು ಹಾಕಿ.